ಕ್ಯಾಂಕಮಾಗಸ್ ರಸ್ತೆಯಲ್ಲಿ ಬಣ್ಣದೆಲೆಗಳ ಫೋಟೋ: ಒಂದು ದಿನದ ಡ್ರೈವ್, ಮೊದಲಿನಿಂದ ಕೊನೆಯವರೆಗೆ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಲಿಂಕನ್‌ನಿಂದ ಕಾನ್ವೇಗೆ ಹೋಗುವ ರೂಟ್ 112ರ 34.5 ಮೈಲಿ ತುಂಡಿಗೆ ಕ್ಯಾಂಕಮಾಗಸ್ ಹೈವೇ ಎಂದು ಹೆಸರು. ಅಂದರೆ ಸುಮಾರು 55 ಕಿ.ಮೀ. ಪೆನಕುಕ್ ಬುಡಕಟ್ಟಿನ ನಾಯಕನೊಬ್ಬನ ಹೆಸರು ಅದು. ಅಲ್ಲಿಯವರ ಬಾಯಲ್ಲಿ ಬರೀ 'ಕ್ಯಾಂಕ್'. ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯದ ನಡುವೆ ಹತ್ತಿ ಇಳಿಯುವ ಈ ದಾರಿಯನ್ನು ನಿಲ್ಲದೆ ಓಡಿಸಿದರೆ ಒಂದು ಗಂಟೆ ಸಾಕು. ಬಾಸ್ಟನ್ ಕಡೆಯ ಕನ್ನಡದ ಮನೆಗಳಲ್ಲಿ ಅಕ್ಟೋಬರ್ ಬಂತೆಂದರೆ 'ಕಲರ್ಸ್ ನೋಡೋಕೆ ಹೋಗೋಣ' ಎಂದು ಹೊರಡುವವರು ಹೆಚ್ಚಾಗಿ ಇಲ್ಲಿಗೇ ಬರುತ್ತಾರೆ. ಬೆಳಿಗ್ಗೆ ಇಡ್ಲಿ ತಿಂದು ಒಂಬತ್ತಕ್ಕೆ ಮನೆ ಬಿಟ್ಟು, ಹನ್ನೊಂದೂವರೆಗೆ ಬೆಟ್ಟದ ಬುಡ ತಲುಪಿ, ನೆತ್ತಿ ಮೇಲಿನ ಬಿಸಿಲಿನಲ್ಲಿ ಕಾರಿನ ಗಾಜಿನೊಳಗಿಂದಲೇ ಮುನ್ನೂರು ಫೋಟೋ ಹೊಡೆದುಕೊಂಡು ಬರುತ್ತಾರೆ. ಆಮೇಲೆ, ಕಣ್ಣಿಗೆ ಕಂಡದ್ದು ಫೋಟೋದಲ್ಲಿ ಯಾಕಿಲ್ಲ ಎಂಬ ಪ್ರಶ್ನೆ.

ಉತ್ತರ ಹೊತ್ತಿನಲ್ಲಿದೆ. ಈ ರಸ್ತೆಯ ಒಂದೊಂದು ಜಾಗಕ್ಕೂ ತನ್ನದೇ ಗಳಿಗೆ ಉಂಟು. ಇಪ್ಪತ್ತು ಕಡೆ ಎರಡೆರಡು ನಿಮಿಷ ನಿಲ್ಲುವ ಬದಲು ಆರೇಳು ಕಡೆ ಸರಿಯಾದ ಹೊತ್ತಿಗೆ ನಿಲ್ಲುವಂತೆ ಈ ಮಾರ್ಗದರ್ಶಿ ಮಾಡಿದ್ದೇವೆ.

ಯಾವ ವಾರ ಹೋಗಬೇಕು

ಲಿಂಕನ್ ಇರುವುದು ಸುಮಾರು 800 ಅಡಿ ಎತ್ತರದಲ್ಲಿ, ಕಾನ್ವೇ 500 ಅಡಿಯ ಆಸುಪಾಸಿನಲ್ಲಿ. ನಡುವಿನ ಕ್ಯಾಂಕಮಾಗಸ್ ಪಾಸ್ (ರಸ್ತೆ ಬೆಟ್ಟ ದಾಟುವ ಜಾಗ) 2,855 ಅಡಿ. ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ತಂಪು ಹೆಚ್ಚುತ್ತದೆ. ಹಾಗಾಗಿ ಬಣ್ಣ ಮೇಲಿನಿಂದ ಕೆಳಕ್ಕೆ ಇಳಿದುಬರುತ್ತದೆ. ಸೆಪ್ಟೆಂಬರ್ ಕೊನೆಯ ವಾರ ಪಾಸ್ ಸುತ್ತಮುತ್ತ ಬಣ್ಣ ತುಂಬಿರುವಾಗ ಕಾನ್ವೇ ಕಡೆಯ ನದಿ ದಂಡೆ ಇನ್ನೂ ಅರೆಹಸಿರು. ಅಕ್ಟೋಬರ್ ಎರಡನೆಯ ವಾರದ ಕೊನೆಗೆ ತಿರುವುಮುರುವು: ಮೇಲೆ ಬೋಳು ಕೊಂಬೆ, ಕೆಳಗೆ ಕೆಂಪು. ಇಡೀ ರಸ್ತೆಯಲ್ಲಿ ಏನಾದರೂ ಒಂದು ಸಿಕ್ಕೇ ಸಿಗುವ ದಿನಗಳು ಸಾಮಾನ್ಯವಾಗಿ ಅಕ್ಟೋಬರ್ 1ರಿಂದ 12.

ಆದರೆ ಅದರೊಳಗೇ ಕೊಲಂಬಸ್ ಡೇ ರಜೆಯೂ ಬರುತ್ತದೆ, ಅಕ್ಟೋಬರಿನ ಎರಡನೆಯ ಸೋಮವಾರ. ಆ ಶನಿವಾರ, ಭಾನುವಾರ ದಯವಿಟ್ಟು ಹೋಗಬೇಡಿ. ಬೆಳಿಗ್ಗೆ ಹತ್ತರೊಳಗೆ ಪಾರ್ಕಿಂಗ್ ತುಂಬಿ, ಕಾರುಗಳು ರಸ್ತೆಯಂಚಿಗೆ ಸಾಲು ಹಿಡಿಯುತ್ತವೆ. ಕಾನ್ವೇ ಕಡೆ ಮಧ್ಯಾಹ್ನದ ಟ್ರಾಫಿಕ್ಕು ನಮ್ಮ ಸಿಲ್ಕ್ ಬೋರ್ಡನ್ನು ನೆನಪಿಸುತ್ತದೆ. ಮಂಗಳವಾರವೋ ಬುಧವಾರವೋ ಒಂದು ದಿನ ರಜೆ ಹಾಕುವುದು ಹೊಸ ಲೆನ್ಸ್ ಕೊಳ್ಳುವುದಕ್ಕಿಂತ ಲಾಭದ ವ್ಯವಹಾರ.

ಬಣ್ಣ ಹೇಗೆ ಬರುತ್ತದೆ ಎಂದು ತಿಳಿದಿದ್ದರೆ ವಾರ ಆರಿಸುವುದು ಸುಲಭ. ಹಗಲು ಕುಗ್ಗಿದಾಗ ಮರ ಎಲೆಯ ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿಕೊಳ್ಳುತ್ತದೆ. ಎಲೆಯಲ್ಲಿ ಹೊಸ ಪತ್ರಹರಿತ್ತು ತಯಾರಾಗುವುದು ನಿಲ್ಲುತ್ತದೆ. ಹಸಿರು ಹೋದಂತೆ, ಮೊದಲಿನಿಂದ ಒಳಗೇ ಇದ್ದ ಹಳದಿ ಕಾಣುತ್ತದೆ. ಬರ್ಚ್, ಬೀಚ್, ಆಸ್ಪೆನ್ ಮರಗಳ ಹಳದಿ ಹೀಗೆ ಬಂದದ್ದು, ವರ್ಷ ವರ್ಷಕ್ಕೆ ಅದು ಹೆಚ್ಚು ಬದಲಾಗದು. ಮೇಪಲ್ ಕೆಂಪಿನ ಸಂಗತಿ ಬೇರೆ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಂಥೋಸಯನಿನ್ ಆಗ ಹೊಸದಾಗಿ ತಯಾರಾಗಬೇಕು. ಅದಕ್ಕೆ ಬಿಸಿಲಿನ ಹಗಲು, ಹಿಮಗಟ್ಟದ ತಣ್ಣನೆಯ ರಾತ್ರಿ ಬೇಕು. ವಾರವಿಡೀ ಮೋಡ ಕವಿದಿದ್ದರೆ ಕೆಂಪು ಮಂಕು. ಬೇಸಿಗೆ ಒಣಗಿದ್ದರೆ ಎಲೆ ಕಂದಾಗಿ ಬೇಗ ಉದುರುತ್ತದೆ. (ಮಾವಿನ ಚೆಂದಳಿರಿಗೆ ಕೆಂಪು ಕೊಡುವುದೂ ಇದೇ ವರ್ಣದ್ರವ್ಯ. ನಮ್ಮಲ್ಲಿ ಎಲೆ ಹುಟ್ಟುವಾಗ ಕೆಂಪು, ಅಲ್ಲಿ ಉದುರುವಾಗ. ಕೆಳಗೆ ಹೇಳುವ ಕ್ಯಾಮೆರಾ ಲೆಕ್ಕಗಳನ್ನು ಊರಿಗೆ ಬಂದಾಗ ಫೆಬ್ರವರಿಯ ಘಟ್ಟದಲ್ಲೂ ಹಾಗೇ ಬಳಸಬಹುದು.)

ಹೋಗುವ ವಾರ ಗಾಳಿ ಮಳೆಯ ಮುನ್ಸೂಚನೆ ನೋಡಿ. ಬರೀ ಮಳೆಗೆ ಹೆದರಬೇಕಿಲ್ಲ. ಮಳೆ ಗಾಳಿ ಎರಡೂ ಸೇರಿದರೆ ಒಂದೇ ರಾತ್ರಿಯಲ್ಲಿ ಮೇಪಲ್ ಬೋಳಾಗುತ್ತದೆ.

ಹಿಂದಿನ ದಿನದ ಕೆಲಸ

ಬಾಸ್ಟನ್‌ನಿಂದ ಲಿಂಕನ್‌ಗೆ ಐ-93ರಲ್ಲಿ ಸುಮಾರು 130 ಮೈಲಿ, ಎರಡು ಎರಡೂಕಾಲು ಗಂಟೆ; ಎಕ್ಸಿಟ್ 32. ಹಿಂದಿನ ರಾತ್ರಿಯೇ ಹೋಗಿ ಲಿಂಕನ್‌ನಲ್ಲಿ ಉಳಿಯಿರಿ. ಅದು ಆಗದಿದ್ದರೆ ಬೆಳಗಿನ ಜಾವ ಮೂರೂವರೆಗೆ ಹೊರಡಬೇಕು. ನಿದ್ದೆಗಣ್ಣಿನಲ್ಲಿ ಬೆಟ್ಟದ ರಸ್ತೆ ಓಡಿಸುವುದು ಒಳ್ಳೆಯದಲ್ಲ, ಹಾಗಾಗಿ ನಮ್ಮ ಮತ ಮೊದಲನೆಯದಕ್ಕೆ.

ಟ್ಯಾಂಕ್ ಲಿಂಕನ್‌ನಲ್ಲೇ ತುಂಬಿಸಿ. ಈ 34.5 ಮೈಲಿಯಲ್ಲಿ ಒಂದೂ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲೂ ಇಲ್ಲ. ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಮ್ಯಾಪ್ ಆಫ್‌ಲೈನ್ ಇಳಿಸಿಕೊಂಡಿರಿ. ಎರಡು ಕಾರಿನಲ್ಲಿ ಹೋಗುತ್ತಿದ್ದರೆ 'ಎಲ್ಲಿದ್ದೀರಿ' ಎಂದು ಫೋನ್ ಮಾಡುವ ಭರವಸೆ ಬಿಟ್ಟು, ಎಷ್ಟು ಗಂಟೆಗೆ ಯಾವ ಜಾಗದಲ್ಲಿ ಸೇರುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಬುತ್ತಿ ಕಟ್ಟಿಕೊಳ್ಳಿ. ಚಪಾತಿ ಪಲ್ಯ, ಚಿತ್ರಾನ್ನ ಯಾವುದಾದರೂ ಆದೀತು, ಆದರೆ ತಿಂದ ಮೇಲೆ ಡಬ್ಬಿ, ತಟ್ಟೆ, ಸಿಪ್ಪೆ ಎಲ್ಲವೂ ಕಾರಿನೊಳಕ್ಕೆ. ಅದು ಕಪ್ಪು ಕರಡಿಯ ಕಾಡು. ಮೇಜಿನ ಮೇಲೆ ಬಿಟ್ಟ ಮೊಸರನ್ನ ಅದಕ್ಕೆ ಕೆಟ್ಟ ಅಭ್ಯಾಸ ಕಲಿಸುತ್ತದೆ.

ನಗದಾಗಿ ಚಿಲ್ಲರೆ ಡಾಲರ್ ಇಟ್ಟುಕೊಳ್ಳಿ. ಜಲಪಾತ, ಕೊರಕಲುಗಳಂಥ ಜಾಗಗಳಲ್ಲಿ ಕಾರಿಗೆ ದಿನಕ್ಕೆ 5 ಡಾಲರ್ ಪಾಸ್ ಬೇಕು. ದುಡ್ಡು ತೆಗೆದುಕೊಳ್ಳಲು ಯಾರೂ ಕೂತಿರುವುದಿಲ್ಲ. ಅಲ್ಲೇ ಇರುವ ಲಕೋಟೆಗೆ ಹಾಕಿ ಡಬ್ಬಿಗೆ ಬಿಟ್ಟು, ಹರಿದ ಚೀಟಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಬೇಕು. ಒಮ್ಮೆ ಕೊಂಡದ್ದು ಆ ದಿನ ಉಳಿದ ಜಾಗಗಳಿಗೂ ನಡೆಯುತ್ತದೆ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಅದೂ ಸಾಕು.

ಇನ್ನು ಚೀಲ. ಒಂದು ವೈಡ್ ಅಥವಾ ಸಾಮಾನ್ಯ ಜೂಮ್ (24-70 ಮಿ.ಮೀ.), ದೂರದ್ದನ್ನು ಹತ್ತಿರ ತರುವ ಒಂದು ಟೆಲಿ (70-200 ಇಲ್ಲವೇ 100-400), ಟ್ರೈಪಾಡ್, ಎರಡು ಬ್ಯಾಟರಿ, ಒರೆಸುವ ಬಟ್ಟೆ, ಮತ್ತು ಸರ್ಕ್ಯುಲರ್ ಪೋಲರೈಸರ್ (ಲೆನ್ಸ್ ಮುಂದೆ ಹಾಕಿ ತಿರುಗಿಸಿದರೆ ಹೊಳಪು ತಗ್ಗಿಸುವ ಗಾಜು). ಎರಡೇ ಸಾಮಾನು ಒಯ್ಯಬಹುದು ಎಂದರೆ ಟೆಲಿ ಮತ್ತು ಪೋಲರೈಸರ್ ಆರಿಸಿ. ಎದುರಿನ ಇಳಿಜಾರಿನಲ್ಲಿ ಸ್ಪ್ರೂಸ್ ಮರಗಳ ಕಡುಹಸಿರಿನ ನಡುವೆ ಒಂಟಿಯಾಗಿ ಉರಿಯುತ್ತಿರುವ ಮೇಪಲ್ ವೈಡ್ ಲೆನ್ಸಿನಲ್ಲಿ ಸಾಸಿವೆ ಕಾಳಿನಷ್ಟು ಕಾಣುತ್ತದೆ.

ಕತ್ತಲಲ್ಲಿ ತಡಕಾಡದಂತೆ ರಾತ್ರಿಯೇ ಹೊಂದಿಸುವುದು

1. ಫೈಲ್ 'ರಾ' ಮಾದರಿಯಲ್ಲಿ (ಕ್ಯಾಮೆರಾ ಹಿಡಿದ ಮಾಹಿತಿಯನ್ನೆಲ್ಲ ಉಳಿಸುವ ಫೈಲ್). ಜೆಪೆಗ್ ಮಾತ್ರ ಇಟ್ಟರೆ ಕೆಂಪನ್ನು ಆಮೇಲೆ ಸರಿಪಡಿಸಲು ಏನೂ ಉಳಿಯುವುದಿಲ್ಲ.

2. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಸುವುದು) ಆಟೋದಿಂದ ತೆಗೆದು ಡೇಲೈಟ್‌ಗೆ, ಸುಮಾರು 5,200 ಕೆಲ್ವಿನ್. ಚೌಕಟ್ಟಿನ ತುಂಬ ಹಳದಿ, ಕಿತ್ತಳೆ ಕಂಡರೆ ಆಟೋ ಅದನ್ನು ಬೆಳಕಿನ ದೋಷ ಎಂದುಕೊಂಡು ನೀಲಿ ಬೆರೆಸುತ್ತದೆ. ಮೋಡದ ದಿನ 6,000.

3. ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಕೆಂಪು, ಹಸಿರು, ನೀಲಿ ಬೇರೆಯಾಗಿ ಕಾಣುವ ಆರ್‌ಜಿಬಿಗೆ ಬದಲಿಸಿ. ಒಟ್ಟು ಬೆಳಕಿನ ಬಿಳಿ ಗ್ರಾಫ್ ಸರಿಯಾಗಿಯೇ ಇರುತ್ತದೆ, ಆದರೆ ಕೆಂಪು ಚಾನೆಲ್ ಮಾತ್ರ ಬಲಗೋಡೆಗೆ ಹೊಡೆದಿರುತ್ತದೆ. ಹಾಗಾದಾಗ ಎಲೆಯ ನರ, ಅಂಚು ಯಾವುದೂ ಇಲ್ಲದೆ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಬೆಳಕು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 0.3ರಿಂದ ಮೈನಸ್ 0.7ಕ್ಕೆ ಇಟ್ಟೇ ಶುರು ಮಾಡಿ.

4. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಎಫ್ 8. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಟ್ರೈಪಾಡಿಗೆ 100, ಕೈಯಲ್ಲಿ ಹಿಡಿದಾಗ 400.

ಫೋನಿನಲ್ಲಿ ತೆಗೆಯುವವರು ಲೆನ್ಸ್ ಒರೆಸಿ, ಎಲೆಯ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗೆರೆಯನ್ನು ತುಸು ಕೆಳಕ್ಕೆ ಎಳೆಯಿರಿ. ಪೋಲರೈಸ್ಡ್ ತಂಪು ಕನ್ನಡಕ ಇದ್ದರೆ ಅದರ ಗಾಜನ್ನು ಫೋನಿನ ಲೆನ್ಸ್ ಮುಂದೆ ಹಿಡಿದು ನಿಧಾನ ತಿರುಗಿಸಿ. ಎಲೆಗಳ ಹೊಳಪು ಇಳಿದು ಬಣ್ಣ ಏರುವುದು ಪರದೆಯ ಮೇಲೇ ಕಾಣುತ್ತದೆ.

ದಾರಿ, ಗಂಟೆಯ ಲೆಕ್ಕದಲ್ಲಿ

ಅಕ್ಟೋಬರ್ ಮೊದಲ ವಾರ ಸೂರ್ಯೋದಯ ಸುಮಾರು 6:45ಕ್ಕೆ, ಸೂರ್ಯಾಸ್ತ 6:20ರ ಸುಮಾರಿಗೆ. ಲಿಂಕನ್‌ನಿಂದ 5:30ಕ್ಕೆ ಹೊರಡಿ. ದಾರಿಯಲ್ಲಿ ಸಿಗುವ ಹ್ಯಾಂಕಾಕ್, ಪೆಮಿ ನೋಟಕಟ್ಟೆಗಳಲ್ಲಿ (ಕಾರು ನಿಲ್ಲಿಸಿ ಕಣಿವೆ ನೋಡುವ ಓವರ್‌ಲುಕ್‌ಗಳು) ಈಗ ನಿಲ್ಲಬೇಡಿ, ಅವು ಸಂಜೆಯವು. ಪಾಸ್ ದಾಟಿದ ಕೂಡಲೇ ಸಿಗುವ ಸಿ. ಎಲ್. ಗ್ರಹಾಂ ವಾಂಗನ್ ನೋಟಕಟ್ಟೆ ಪೂರ್ವಕ್ಕೆ ತೆರೆದುಕೊಂಡಿದೆ. ಸೂರ್ಯ ಮೂಡುವ ಇಪ್ಪತ್ತು ನಿಮಿಷ ಮೊದಲೇ ಟ್ರೈಪಾಡ್ ನಿಂತಿರಬೇಕು. ಹಿಂದಿನ ದಿನ ಮಳೆಯಾಗಿ ರಾತ್ರಿ ಆಕಾಶ ತೆರವಾಗಿದ್ದರೆ ಕಣಿವೆಯಲ್ಲಿ ಮಂಜು ಹಾಲಿನಂತೆ ನಿಂತಿರುತ್ತದೆ. ಸೂರ್ಯ ಕಂಡ ಹತ್ತು ನಿಮಿಷ ಅದು ಬಂಗಾರದ ಬಣ್ಣಕ್ಕೆ ತಿರುಗಿ, ಆಮೇಲೆ ಏಳುತ್ತದೆ.

ಅಲ್ಲಿಂದ ಸ್ವಲ್ಪ ಕೆಳಗೆ, ರಸ್ತೆಗೆ ತಾಗಿಯೇ ಲಿಲಿ ಪಾಂಡ್. ಗಾಳಿ ಏಳುವ ಮೊದಲು ನೀರು ಕನ್ನಡಿ. ಇಲ್ಲಿ ಪೋಲರೈಸರ್ ತೆಗೆದುಬಿಡಿ, ಇಲ್ಲವೇ ಪ್ರತಿಬಿಂಬ ಗಟ್ಟಿಯಾಗುವ ಕಡೆಗೆ ತಿರುಗಿಸಿ; ಅಭ್ಯಾಸಬಲದಿಂದ ಪೂರ್ತಿ ತಿರುಗಿಸಿದರೆ ಪ್ರತಿಬಿಂಬವನ್ನೇ ಅಳಿಸಿಹಾಕುತ್ತದೆ. ಎಂಟರ ಹೊತ್ತಿಗೆ ಶುಗರ್ ಹಿಲ್ ನೋಟಕಟ್ಟೆ. ಟೆಲಿ ಹಾಕಿ ಬೆಟ್ಟದ ಪದರಗಳನ್ನು ತುಂಡು ತುಂಡಾಗಿ ತೆಗೆಯಿರಿ. ಪೋಲರೈಸರ್ ಕೆಲಸ ಮಾಡುವುದು ಸೂರ್ಯನಿಗೆ ಭುಜ ಕೊಟ್ಟು ನಿಂತಾಗ ಎದುರಿಗೆ ಬರುವ ದಿಕ್ಕಿನಲ್ಲಿ. ಸೂರ್ಯ ಎದುರಿಗೋ ಬೆನ್ನಿಗೋ ಇದ್ದರೆ ಅದರಿಂದ ಪ್ರಯೋಜನ ಕಡಿಮೆ, ಒಂದೂವರೆ ಎರಡು ಸ್ಟಾಪ್ ಬೆಳಕು ಮಾತ್ರ ವ್ಯರ್ಥ (ಒಂದು ಸ್ಟಾಪ್ ಕಳೆದರೆ ಬೆಳಕು ಅರ್ಧಕ್ಕೆ ಇಳಿದಂತೆ). ಅಗಲವಾದ ಲೆನ್ಸಿನಲ್ಲಿ ನೀಲಿ ಆಕಾಶ ಸೇರಿಸಿದರೆ ನಡುವೆ ಕಪ್ಪು ಪಟ್ಟೆ ಬರುತ್ತದೆ, ಅದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದು ತಲೆನೋವು.

ಎಂಟೂಮುಕ್ಕಾಲಿಗೆ ಸಬ್ಬಡೇ ಜಲಪಾತ. ಜಲ್ಲಿ ಹಾಕಿದ ದಾರಿ, ಹತ್ತು ನಿಮಿಷದ ನಡಿಗೆ, ಕೊನೆಯಲ್ಲಿ ಮೆಟ್ಟಿಲು. ಇಲ್ಲಿ ಒಂದು ಗಂಟೆ ಕೊಡಿ, ಯಾಕೆಂದರೆ ಇಡೀ ದಿನದಲ್ಲಿ ಹೆಚ್ಚು ಜನ ಎಡವುವ ಫೋಟೋ ಇದು.

ನೀರು ಕಲ್ಲಿನ ಕಿರಿದಾದ ಸೀಳಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ, ಅಕ್ಕಪಕ್ಕ ಹಳದಿ ಬರ್ಚ್. ಬಿಸಿಲು ಸೀಳಿನೊಳಕ್ಕೆ ಇಳಿಯುವ ಮೊದಲು ಎಲ್ಲವೂ ಸಮಬೆಳಕಿನಲ್ಲಿರುತ್ತದೆ; ಇಳಿದ ಮೇಲೆ ನೀರಿನ ಅರ್ಧ ಬೆಳ್ಳಗೆ ಸುಟ್ಟು, ಕಲ್ಲು ಕಪ್ಪಾಗುತ್ತದೆ. ಐಎಸ್ಒ 100, ಎಫ್ 11, ಪೋಲರೈಸರ್ ಹಾಕಿದರೆ ನೆರಳಿನಲ್ಲಿ ಷಟರ್ (ಬೆಳಕು ಒಳಬರುವ ಹೊತ್ತು) ತಾನಾಗಿ ಅರ್ಧ ಸೆಕೆಂಡಿನ ಹತ್ತಿರ ಬರುತ್ತದೆ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ನೀರಿಗೆ ಎಳೆ ಎಳೆಯಾದ ರೂಪ ಇರುತ್ತದೆ. ಅದಕ್ಕಿಂತ ಉದ್ದವಾದರೆ ನೀರು ಹತ್ತಿಯಂತಾಗುತ್ತದೆ. ಎರಡು ಸೆಕೆಂಡ್ ಟೈಮರ್ ಹಾಕಿ, ಲೆನ್ಸಿನ ಸ್ಟೆಬಿಲೈಸರ್ (ಕೈನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಮರದ ಸೇತುವೆಯ ಮೇಲೆ ನಿಂತಿದ್ದರೆ ಬೇರೆಯವರು ನಡೆದಾಗ ಹಲಗೆ ಅದುರುತ್ತದೆ. ಅವರು ದಾಟುವವರೆಗೆ ಕಾಯಿರಿ.

ತೊಂದರೆ ಏನೆಂದರೆ ಬೀಳುವ ನೀರೇ ಗಾಳಿ ಎಬ್ಬಿಸುತ್ತದೆ, ಅರ್ಧ ಸೆಕೆಂಡಿನಲ್ಲಿ ಎಲೆಗಳೆಲ್ಲ ಕಲಸಿಹೋಗುತ್ತವೆ. ಅದಕ್ಕೆ ಟ್ರೈಪಾಡ್ ಅಲುಗಿಸದೆ ಎರಡು ಫೋಟೋ: ಒಂದು ನೀರಿಗೆ, ಅರ್ಧ ಸೆಕೆಂಡಿನದು. ಇನ್ನೊಂದು ಎಲೆಗೆ, ಅದೇ ಫೋಕಸ್, ಅಪರ್ಚರ್ ಎಫ್ 5.6, ಐಎಸ್ಒ 1,600, ಆಗ ಷಟರ್ 1/125ರ ಆಸುಪಾಸು ಸಿಗುತ್ತದೆ. ಮನೆಯಲ್ಲಿ ಎರಡನ್ನೂ ಒಂದರ ಮೇಲೊಂದಿಟ್ಟು, ನೀರಿನ ಭಾಗ ಮೊದಲನೆಯದರಿಂದ, ಎಲೆಯ ಭಾಗ ಎರಡನೆಯದರಿಂದ ಉಳಿಸಿಕೊಂಡರೆ ಆಯಿತು. ಮುಂಭಾಗದ ಒದ್ದೆ ಕಲ್ಲಿನ ಮೇಲೆ ಬಿದ್ದ ಒಂದೆರಡು ಎಲೆ ಸಿಕ್ಕರೆ ಸೇರಿಸಿ. ಬೇಲಿ ದಾಟಿ ಕೆಳಗಿಳಿಯಬೇಡಿ. ಆ ಕಲ್ಲು ನೀರಿನಿಂದ ಸವೆದು ಸಾಬೂನಿನಷ್ಟು ನುಣುಪಾಗಿದೆ.

ಹತ್ತೂವರೆಗೆ ರಾಕಿ ಗಾರ್ಜ್. ಸ್ವಿಫ್ಟ್ ನದಿ ಬಂಡೆ ಕೊರೆದು ನುಗ್ಗುವ ಜಾಗ, ಪಾರ್ಕಿಂಗ್‌ನಿಂದ ಹೆಜ್ಜೆ ಕಡಿಮೆ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮಂಡಿನೋವಿದ್ದರೆ ಸಬ್ಬಡೇ ಬಿಟ್ಟು ಇಲ್ಲಿಗೇ ಬನ್ನಿ. ಕಾಲುಸೇತುವೆ ದಾಟಿ ಐದು ನಿಮಿಷ ಒಳಗೆ ಹೋದರೆ ಫಾಲ್ಸ್ ಪಾಂಡ್ ಎಂಬ ಕೊಳ. ನದಿ ಬಳಿ ನೂರು ಜನ ಇದ್ದರೂ ಅಲ್ಲಿಗೆ ಬರುವವರು ಕಡಿಮೆ. ಬಿಸಿಲು ಈಗ ಗಡುಸಾಗಿರುತ್ತದೆ. ಅದನ್ನು ಬೈಯುವ ಬದಲು ಬಳಸಿಕೊಳ್ಳಿ: ಮರದ ಕೆಳಗೆ ನಿಂತು, ಸೂರ್ಯನ ಕಡೆ ಮುಖ ಮಾಡಿ, ಎಲೆಯ ಹಿಂಬದಿಯಿಂದ ಬರುವ ಬೆಳಕನ್ನು ಹಿಡಿಯಿರಿ. ನರಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ, ಎಲೆ ಒಳಗಿನಿಂದ ದೀಪ ಹಚ್ಚಿದಂತೆ ಹೊಳೆಯುತ್ತದೆ. ಲೆನ್ಸಿಗೆ ನೇರ ಬಿಸಿಲು ಬೀಳದಂತೆ ಟೋಪಿಯನ್ನು ಅಡ್ಡ ಹಿಡಿಯಿರಿ. ಹಿಂದೆ ಸ್ಪ್ರೂಸ್ ಮರದ ಕಪ್ಪು ನೆರಳು ಇದ್ದರೆ ಇನ್ನೂ ಚೆನ್ನ.

ಮುಂದೆ ಲೋವರ್ ಫಾಲ್ಸ್ ಮತ್ತು 1858ರ ಆಲ್ಬನಿ ಮುಚ್ಚುಸೇತುವೆ, ಕಾನ್ವೇಗೆ ಸುಮಾರು ಆರು ಮೈಲಿ ಇರುವಾಗ. ಸೇತುವೆಯನ್ನು ರಸ್ತೆ ಕಡೆಯಿಂದ ನೇರ ತೆಗೆದರೆ ಬೇರೆಯವರ ಕಾರು ಬರುತ್ತದೆ. ನದಿಯ ದಂಡೆಗೆ ಇಳಿದು ಓರೆಯಾಗಿ ತೆಗೆಯಿರಿ. ಆಮೇಲೆ ಕಾನ್ವೇ, ಊಟ, ಒಂದು ನಿದ್ದೆ. ಹನ್ನೆರಡರಿಂದ ಮೂರರವರೆಗೆ ಕ್ಯಾಮೆರಾಕ್ಕೂ ರಜೆ ಕೊಡಬಹುದು.

ಮೂರೂವರೆಗೆ ಅದೇ ದಾರಿಯಲ್ಲಿ ವಾಪಸ್. ಐದೂವರೆಯೊಳಗೆ ಪಾಸ್ ದಾಟಿ ಪಶ್ಚಿಮಕ್ಕೆ ಇಳಿಯುವಾಗ ಪೆಮಿ ನೋಟಕಟ್ಟೆ. ಸೂರ್ಯಾಸ್ತ ಇಲ್ಲಿಯದು. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಹೊರಡುತ್ತಾರೆ. ನೀವು ಹದಿನೈದು ನಿಮಿಷ ಕಾಯಿರಿ, ಆಗಿನ ಗುಲಾಬಿ ಬೆಳಕಿನಲ್ಲಿ ಇಡೀ ಇಳಿಜಾರು ನೆರಳಿಲ್ಲದೆ ಮೆತ್ತಗಾಗುತ್ತದೆ. ಹ್ಯಾಂಕಾಕ್ ಬಳಿಯ ಪ್ರಸಿದ್ಧ ಹೇರ್‌ಪಿನ್ ತಿರುವಿನ ಚಿತ್ರವನ್ನು ನೆಲದ ಮೇಲೆ ನಿಂತು ಹುಡುಕಬೇಡಿ. ಇಂಟರ್ನೆಟ್ಟಿನಲ್ಲಿ ಸಿಗುವ ಅಂಥ ಹೆಚ್ಚಿನ ಚಿತ್ರಗಳು ಡ್ರೋನ್ ತೆಗೆದವು, ಅದಕ್ಕಾಗಿ ತಿರುವಿನಲ್ಲಿ ನಿಲ್ಲುವುದು ಅಪಾಯ.

ಸ್ಟೀರಿಂಗ್ ಹಿಡಿದವರಿಗೆ

ಬಣ್ಣ ನೋಡುವುದು ಪಕ್ಕದಲ್ಲಿ ಕೂತವರ ಕೆಲಸ. ನಿಲ್ಲಬೇಕೆನಿಸಿದರೆ ನಾಲ್ಕೂ ಚಕ್ರ ಬಿಳಿ ಗೆರೆಯಿಂದ ಪೂರ್ತಿ ಹೊರಗಿರುವ ಜಾಗ ಸಿಗುವವರೆಗೆ ಹೋಗಿ. ಬಲಗಡೆ ಓಡಿಸುವ ದೇಶ ಅದು; ಎಡಬದಿಯ ನೋಟಕಟ್ಟೆಗೆ ತಿರುಗುವಾಗ ಎದುರಿನ ವಾಹನಗಳನ್ನು ಅಡ್ಡ ದಾಟಬೇಕು, ತಿರುವಿನ ಆಚೆಯಿಂದ ಬರುವ ಬೈಕುಗಳು ತಡವಾಗಿ ಕಾಣುತ್ತವೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಟೋಮ್ಯಾಟಿಕ್ ಗಾಡಿಯಾದರೂ ಗೇರನ್ನು 'ಎಲ್' ಅಥವಾ ಮ್ಯಾನುವಲ್ ಮೋಡಿಗೆ ಹಾಕಿ ಎಂಜಿನ್ನಿನಿಂದ ವೇಗ ತಡೆಯಿರಿ.

ಒದ್ದೆ ಎಲೆಗಳ ಹಾಸು ನಮ್ಮ ಮಳೆಗಾಲದ ಪಾಚಿಯಷ್ಟೇ ಜಾರುತ್ತದೆ. ನಸುಕಿನಲ್ಲಿ ಸೇತುವೆಗಳ ಮೇಲೆ ತೆಳು ಹಿಮ ಕಟ್ಟಿರಬಹುದು.

ಎಲ್ಲಕ್ಕಿಂತ ಎಚ್ಚರ ಬೇಕಿರುವುದು ಮೂಸ್ ವಿಷಯದಲ್ಲಿ, ಅದೂ ನಸುಕು ಮುಸ್ಸಂಜೆಗಳಲ್ಲಿ, ಅಂದರೆ ನೀವು ಈ ರಸ್ತೆಯಲ್ಲಿರುವ ಹೊತ್ತಿನಲ್ಲೇ. ಭುಜದ ಎತ್ತರ ಆರು ಅಡಿ ತಲುಪಬಹುದಾದ ಪ್ರಾಣಿ, ಮೈ ಕಪ್ಪುಗಂದು. ಕಣ್ಣು ಹೆಡ್‌ಲೈಟಿನ ಬೆಳಕಿಗಿಂತ ಮೇಲಿರುವುದರಿಂದ ಜಿಂಕೆಯದರಂತೆ ಮಿನುಗಿ ಎಚ್ಚರಿಸುವುದಿಲ್ಲ. ಕಾರು ಕಾಲಿಗೆ ಹೊಡೆದರೆ ಮೈ ಗಾಜಿನ ಮೇಲೆಯೇ ಬೀಳುತ್ತದೆ. ಕತ್ತಲಲ್ಲಿ ವೇಗ ಇಳಿಸಿ, ಎದುರಿಗೆ ಗಾಡಿ ಇಲ್ಲದಾಗ ಹೈ ಬೀಮ್ ಹಾಕಿ.

ಆಮೇಲಿನ ಕೆಲಸ

ತಣ್ಣಗಾದ ಕ್ಯಾಮೆರಾವನ್ನು ಹೀಟರ್ ಹಾಕಿದ ಕಾರಿಗೆ ತಂದು ತಕ್ಷಣ ತೆಗೆದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಹೊರಗಿರುವಾಗಲೇ ಚೀಲಕ್ಕೆ ಹಾಕಿ ಜಿಪ್ ಎಳೆದು, ಅರ್ಧ ಗಂಟೆ ಬಿಡಿ. ಬಿಡಿ ಬ್ಯಾಟರಿ ಅಂಗಿಯ ಒಳಜೇಬಿನಲ್ಲಿರಲಿ, ಚಳಿಗೆ ಅದು ಬೇಗ ಸೋಲುತ್ತದೆ.

ಎಡಿಟ್ ಮಾಡುವಾಗ ಎಲ್ಲರ ಕೈ ಮೊದಲು ಹೋಗುವುದು ಸ್ಯಾಚುರೇಶನ್ ಗುಂಡಿಗೆ. ಅದನ್ನು ಮುಟ್ಟದೆ, ಮೊದಲು ಹೈಲೈಟ್ ಇಳಿಸಿ, ಬ್ಲ್ಯಾಕ್ಸ್ ತುಸು ಇಳಿಸಿ. ಆಮೇಲೆ ಬಣ್ಣಬಣ್ಣಕ್ಕೆ ಬೇರೆಯಾಗಿರುವ ಪಟ್ಟಿಗಳಲ್ಲಿ ಹಸಿರಿನ ಸ್ಯಾಚುರೇಶನ್ 15ರಿಂದ 20 ಕಡಿಮೆ ಮಾಡಿ. ಹಸಿರು ಹಿಂದೆ ಸರಿದರೆ ಕೆಂಪು ತಾನೇ ಮುಂದೆ ಬರುತ್ತದೆ. ಕಿತ್ತಳೆಯ ಲ್ಯುಮಿನನ್ಸ್ (ಹೊಳಪು) ಐದಾರು ಅಂಕ ಏರಿಸಿದರೆ ಎಲೆಗೆ ಬೆಳಕು ಬಂದಂತಾಗುತ್ತದೆ. ಚಿತ್ರದಲ್ಲಿ ಮನುಷ್ಯರಿದ್ದರೆ ಅವರ ಮುಖ ನೋಡಿಕೊಳ್ಳಿ, ಕಿತ್ತಳೆ ಪಟ್ಟಿ ಚರ್ಮವನ್ನೂ ಹಿಡಿಯುತ್ತದೆ.

ಹೋದ ದಿನ ಸೋನೆ ಮಳೆ ಹಿಡಿದರೆ ವಾಪಸ್ ಬರಬೇಡಿ. ನೋಟಕಟ್ಟೆಗಳನ್ನೆಲ್ಲ ಬಿಟ್ಟು ನೇರ ಸಬ್ಬಡೇ, ರಾಕಿ ಗಾರ್ಜ್ ಕಡೆ ಹೋಗಿ, ಬಿಳಿ ಆಕಾಶ ಚೌಕಟ್ಟಿನೊಳಗೆ ಬರದಂತೆ ತೆಗೆಯಿರಿ. ತೊಯ್ದ ತೊಗಟೆ ಕಪ್ಪಾಗಿ ಎಲೆ ಎದ್ದು ಕಾಣುತ್ತದೆ. ಒದ್ದೆ ಎಲೆಯ ಬಿಳಿ ಹೊಳಪನ್ನು ಪೋಲರೈಸರ್ ತೆಗೆದಾಗ ಬರುವ ಬಣ್ಣ ಬಿಸಿಲಿನ ದಿನ ಸಿಗುವುದಿಲ್ಲ. ಛತ್ರಿಯನ್ನು ಕ್ಯಾಮೆರಾದ ಮೇಲೆ ಹಿಡಿಯಲು ಜೊತೆಗೊಬ್ಬರು ಬೇಕು. ಒಬ್ಬರೇ ಹೋಗಿದ್ದರೆ ಪ್ಲಾಸ್ಟಿಕ್ ಕವರಿಗೆ ಲೆನ್ಸಿನಷ್ಟು ತೂತು ಮಾಡಿ, ಹುಡ್‌ಗೆ ರಬ್ಬರ್ ಬ್ಯಾಂಡ್ ಸುತ್ತಿದರೂ ನಡೆಯುತ್ತದೆ.